ಬೀಗದೊಳಗಿನ ಹಾಜರಿ

ಅರಸೀಕೆರೆ
24 ಆಗಸ್ಟ್ 2024

ಪ್ರಿಯ ಜೀವಂಧರ,

ಮಗಳ ಮನೆಗೆಂದು ಮೈಸೂರಿಗೆ ಹೋದವನು ಅಲ್ಲೇ ಕೂತುಬಿಟ್ಟೆಯೋ, ಬಸ್ತಿಹಳ್ಳಿಗೆ ವಾಪಸಾದೆಯೋ ಗೊತ್ತಿಲ್ಲ. ಫೋನ್ ಮಾಡಿದರೆ ತ್ರಿಶಲಮ್ಮ ಎತ್ತಿ "ಮಲಗಿದಾರೆ ಮೇಷ್ಟ್ರೇ" ಅನ್ನುತ್ತಾರೆ. ಯಾವ ಹೊತ್ತಿಗೆ ಮಾಡಿದರೂ ಮಲಗಿರುವ ಗೋಲ್‌ಕೀಪರನನ್ನು ಇದೇ ಮೊದಲು ನೋಡುತ್ತಿದ್ದೇನೆ. ಅದಕ್ಕೇ ಈ ಕಾಗದ.

ಮೊನ್ನೆ ಗುರುವಾರ ನಮ್ಮ ಜಂಕ್ಷನ್ ತಂಡದ ಮೈದಾನಕ್ಕೆ ಬೀಗ ಬಿತ್ತು. ರಾಜ್ಯದ ಲೀಗಿಗೆ ಸೇರಬೇಕಾದರೆ ಹಿಂದೆ ಒಂದು ಕಂಪನಿ ಇರಬೇಕೆಂದು ಮೂರು ವರ್ಷದ ಹಿಂದೆ ತಂಡವನ್ನೂ ಮೈದಾನವನ್ನೂ ಈ ಕಂಪನಿಯವರ ಕೈಗೆ ಒಪ್ಪಿಸಿದೆವಲ್ಲ, ಅದರ ಫಲ ಇದು. ಇನ್ನು ಮುಂದೆ ತಂಡ ಆಡುವುದು ಬೆಂಗಳೂರಿನಲ್ಲಂತೆ. ಹೆಸರು 'ಹಳೇಬೀಡು ಲಯನ್ಸ್' ಅಂತೆ. ಮೈದಾನದಲ್ಲಿ ಗೋಡೌನ್ ಕಟ್ಟುತ್ತಾರಂತೆ. ದೇವಸ್ಥಾನಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೇ ಸೇರಿದ್ದು, ಎಲ್ಲರಿಗೂ ಹೊಯ್ಸಳರ ಸಿಂಹ ಬೇಕಾಗಿದೆ. ನನಗೆ ತಿಳಿದಂತೆ ಹಳೇಬೀಡಿನ ಕಡೆಯಿಂದ ಫುಟ್‌ಬಾಲ್ ಆಡಿದವನು ನೀನೊಬ್ಬನೇ. ನೀನೂ ಬಸ್ಸು ಹತ್ತಿ ಅರಸೀಕೆರೆಗೆ ಬಂದು ಆಡಿದವನು. ಆ ಊರನ್ನು ಹಿಂದೆ ಎರಡು ಸಲ ಸೈನ್ಯಗಳು ದೋಚಿದವು ಎಂದು ಮೂವತ್ತು ವರ್ಷ ಪಾಠ ಹೇಳಿದೆ. ಮೂರನೆಯ ಸಲ ಜೆರ್ಸಿಯ ಮೇಲೆ ಅಚ್ಚು ಹಾಕಿಸಿ ದೋಚುತ್ತಾರೆಂದು ನನಗಾದರೂ ಏನು ಗೊತ್ತು.

ಕಂಪನಿಯ ಮ್ಯಾನೇಜರ್ ರಘುರಾಮ್ ಪತ್ರಿಕೆಯವರನ್ನು ಕರೆದುಕೊಂಡು ಬಂದಿದ್ದ. ನಾವು ನಲವತ್ತು ಐವತ್ತು ಜನ ಗೇಟಿಗೆ ಅಡ್ಡ ನಿಂತೆವು. ಹಾಜರಿ ಕೂಗುವುದನ್ನಾದರೂ ಉಳಿಸಿಕೊಡಿ ಎಂದೆ. ಹುಡುಗನ ಮಾತು ನಯ. "ಸರ್, ಸ್ಟೇಡಿಯಂಗೆ ಫ್ಯಾಮಿಲಿಗಳು ಬರ್ತಾರೆ. ಮ್ಯಾಚ್‌ಗೆ ಮುಂಚೆ ಸತ್ತವರ ಹೆಸರು ಕೂಗಿದ್ರೆ ಒಂಥರಾ ನೆಗೆಟಿವ್ ಅನ್ಸುತ್ತೆ" ಅಂದ.

ಕೊಬ್ಬರಿ ಮಂಡಿಯ ಮಹಾಂತೇಶ್ ನುಗ್ಗಿ ಬಂದ. "ಏನ್ಲಾ ನೆಗೆಟಿವ್ವು? ನಮ್ಮಪ್ಪ ಚನ್ನಬಸವಯ್ಯನ ಹೆಸ್ರು ನಿಂಗೆ ನೆಗೆಟಿವ್ವಾ? ನಿಮ್ಮಪ್ಪನ ಹೆಸ್ರೇನು ಹೇಳು, ಅದುನ್ನೂ ಸೇರಿಸ್ಕಂಡು ಕೂಗಾನ!"

"ನಮ್ಮ ತಂದೆ ಬದುಕಿದಾರೆ."

"ಹಂಗಾದ್ರೆ ಕಾಯ್ತೀವಿ ಬಿಡು."

ನಗು ಎದ್ದಿತು. ನಾನು ಆ ಹುಡುಗನಿಗೆ ಕೂತು ಕಥೆ ಹೇಳಿದೆ. ಉಗಿಬಂಡಿಗಳ ಕಾಲ, ಲೋಕೋ ಶೆಡ್ಡಿನವರಿಗೆ ಭಾನುವಾರವೂ ಹಾಜರಿ ಇತ್ತು, ಆಟ ತಪ್ಪಬಾರದೆಂದು ಮೇಸ್ತ್ರಿ ಮೈದಾನಕ್ಕೇ ಬಂದು ಹೆಸರು ಕೂಗುತ್ತಿದ್ದ. ಫೈರ್‌ಮನ್ ಗಂಗಯ್ಯ ಬಾಯ್ಲರ್ ಒಡೆದು ಸತ್ತ ವಾರ ಮೇಸ್ತ್ರಿ ರೂಢಿಯ ಮೇಲೆ ಅವನ ಹೆಸರನ್ನೂ ಕೂಗಿಬಿಟ್ಟ. ಗುಂಪಿನಲ್ಲಿ ಯಾರೋ, ಅವರೂ ರೂಢಿಯ ಮೇಲೆ, "ಇದ್ದೀನಿ" ಅಂದರು. ಆ ತಪ್ಪನ್ನು ಯಾರೂ ತಿದ್ದಲಿಲ್ಲ. ಅಂದಿನಿಂದ ನಮ್ಮಲ್ಲಿ ಸತ್ತವರ ಹಾಜರಿ ಆಗದೆ ಚೆಂಡು ಉರುಳಿಲ್ಲ. ಮನೆಯವರು ಉತ್ತರಿಸುವಂತಿಲ್ಲ, ಅತ್ತು ಆಟ ನಿಲ್ಲಿಸಿಬಿಡುತ್ತಾರೆಂದು. ಒಬ್ಬರ ಹೆಸರಿಗೆ ಒಬ್ಬನೇ. ಅವನು ಬದುಕಿರುವಷ್ಟು ದಿನ ಬೇರೆಯವರು ಬಾಯಿ ಹಾಕುವಂತಿಲ್ಲ, ಅವನೇ ಅಲ್ಲಿ ನಿಂತು ಬಾಯಿಬಿಟ್ಟು "ಇನ್ನು ಇವನು" ಎಂದು ಒಪ್ಪಿಸಬೇಕು. ಗಣೇಶನ ಹಬ್ಬದಿಂದ ರಥಸಪ್ತಮಿಯವರೆಗಿನ ಒಂದು ಋತುವಿನಲ್ಲಿ ಒಮ್ಮೆಯೂ ಉತ್ತರ ಬಾರದ ಹೆಸರು ಬಿದ್ದುಹೋಗುತ್ತದೆ. ಮತ್ತೆ ಕೂಗುವುದಿಲ್ಲ.

ಇದೆಲ್ಲ ನಿನಗೆ ಹೇಳಬೇಕಾಗಿಲ್ಲ. ನನ್ನ ಮಗ ವಂಶಿಗೆ ಇಪ್ಪತ್ತೆರಡು ವರ್ಷದಿಂದ ಉತ್ತರಿಸುತ್ತಿರುವವನು ನೀನು. ಅವನಿಗೆ ಗೋಲು ಕಾಯುವುದನ್ನು ಕಲಿಸಿದವನೂ ನೀನೇ. ಗೋಡೆ ದಾಟಿದ ಚೆಂಡು ತರಲು ಬಾಣಾವರದ ಕಡೆಯ ಹಳಿಗೆ ಇಳಿದು ವಾಪಸು ಬಾರದವನ ಹೆಸರನ್ನು ಈ ಊರಿನಲ್ಲಿ ಬೇರೆ ಯಾರು, ಎಲ್ಲಿ ಗಟ್ಟಿಯಾಗಿ ಹೇಳುತ್ತಾರೆ? ಹೆತ್ತವಳು, ಚೆಲುವಾಂಬ, ಅಂದಿನಿಂದ ಮೈದಾನಕ್ಕೆ ಕಾಲಿಟ್ಟಿಲ್ಲ. ಹಾಜರಿಯ ಹೊತ್ತಿಗೆ ಮೈದಾನದ ಕಡೆಯ ಹಿತ್ತಲ ಬಾಗಿಲು ತೆರೆದು ನಿಲ್ಲುತ್ತಾಳೆ, ಅಷ್ಟೆ.

ಋತು ಇನ್ನೂ ಶುರುವಾಗದಿದ್ದರೂ ಅಂದು ಪತ್ರಿಕೆಯವರ ಮುಂದೆ ಹಾಜರಿ ಕೂಗಿದೆ. ಬ್ಯಾನರ್ ಕಾಣಲೆಂದು ಎಲ್ಲರೂ ರಸ್ತೆಗೆ ಮುಖ ಮಾಡಿ, ಗೇಟಿಗೆ ಬೆನ್ನು ಹಾಕಿ ನಿಂತಿದ್ದೆವು. ವಂಶಿಯ ಹೆಸರು ಬಂದಾಗ ನೀನಿಲ್ಲವೆಂದು ಗೊತ್ತಿದ್ದೇ ಕೂಗಿದೆ. ಬೆನ್ನ ಹಿಂದಿನಿಂದ ಉತ್ತರ ಬಂತು. ಬೀಗ ಹಾಕಿದ ಗೇಟಿನ ಒಳಗಿನಿಂದ. ಕಾವಲಿನವನೂ ಹೊರಗೇ ನಮ್ಮ ಜೊತೆ ಟೀ ಕುಡಿಯುತ್ತಿದ್ದ. ತಿರುಗಿ ನೋಡಿದರೆ ಹುಲ್ಲು.

ನಿನ್ನ ಧ್ವನಿ ಜೀವಂಧರ. ಬಂದಿದ್ದೆಯಾ? ಬಂದಿದ್ದರೆ ಒಳಗೆ ಹೇಗೆ ಹೋದೆ, ಯಾರು ಬಿಟ್ಟರು? ಬಂದೂ ಮನೆಗೆ ಬಾರದೆ ಹೋದೆ ಯಾಕೆ?

ನಿನ್ನ,
ಸುಬ್ಬರಾಮಯ್ಯ


ಬಸ್ತಿಹಳ್ಳಿ
12 ಸೆಪ್ಟೆಂಬರ್ 2024

ಪ್ರಿಯ ಸುಬ್ಬು,

ಊರಿಗೆ ಬಂದು ಮೂರು ದಿನವಾಯಿತು. ನಿನ್ನ ಕಾಗದ ಬಾಗಿಲ ಸಂದಿಯಲ್ಲಿ ಕಾಯುತ್ತಿತ್ತು. ಸ್ವಲ್ಪ ಹುಷಾರಿರಲಿಲ್ಲ, ಈಗ ಪರವಾಗಿಲ್ಲ. ಬರೆಯುವಷ್ಟು ಚೆನ್ನಾಗಿದ್ದೇನೆ.

ನಾನು ಬಂದಿರಲಿಲ್ಲ. ಅಂದು ಮೈಸೂರಿನಲ್ಲಿದ್ದೆ. ಗುರುವಾರ ಎಂದು ಬರೆದಿದ್ದೀಯೆ. ಇಪ್ಪತ್ತೆರಡನೇ ತಾರೀಕಿನ ಗುರುವಾರವೇ? ಎಷ್ಟು ಹೊತ್ತಿಗೆ? ಇದೊಂದನ್ನು ಮರೆಯದೆ ತಿಳಿಸು.

ಕಂಪನಿಯವರ ಬಗ್ಗೆ ನೀನು ಬರೆದದ್ದೆಲ್ಲ ಸರಿ. ದೀಪದ ಕಂಬ ಹಾಕಿಸಿ ರಾತ್ರಿ ಆಟ ಶುರು ಮಾಡಿದಾಗಲೇ ನನಗೆ ಇವರ ಮೇಲೆ ಅನುಮಾನ. ಸೂರ್ಯ ಮುಳುಗುವ ಮೊದಲು ಉಣ್ಣಬೇಕಾದ ಜೈನನನ್ನು ಎಂಟು ಗಂಟೆಯವರೆಗೆ ಗೋಲಿನ ಹಿಂದೆ ಕೂರಿಸಿದವರು ಒಳ್ಳೆಯವರಾಗಿರಲು ಸಾಧ್ಯವೇ? ಹಿಂದೆ ಆಟ ಎಳೆದಾಡಿದರೆ ತ್ರಿಶಲಾ ಬುತ್ತಿ ಹಿಡಿದು ಗೋಲಿನ ಪಕ್ಕದಲ್ಲಿ ನಿಂತಿರುತ್ತಿದ್ದಳು. ವಂಶಿ ನಗುತ್ತಿದ್ದ. "ಅಂಕಲ್, ನೀವು ಊಟ ಮಾಡಿ, ಒಂದು ಹತ್ತು ನಿಮಿಷ ನಾನೇ ಇದ್ದೀನಿ" ಅನ್ನುತ್ತಿದ್ದ.

ನಮ್ಮ ದಶಲಕ್ಷಣ ಪರ್ವ ನಡೆದಿದೆ. ನಾನು ದೀಪಾವಳಿಯವರೆಗೆ ಮೌನ ಹಿಡಿದಿದ್ದೇನೆ. ಫೋನ್ ಮಾಡಬೇಡ. ಬೆಳಿಗ್ಗೆ ಪಾರ್ಶ್ವನಾಥ ಬಸದಿಗೆ ಹೋಗಿ ಕೂರುತ್ತೇನೆ. ಆ ಕಡೆದ ಕಂಬಗಳಲ್ಲಿ ಮುಖ ಕಾಣುತ್ತದಲ್ಲ. ಮೊನ್ನೆ ಅದರ ಮುಂದೆ ನಿಂತು ಸುಮ್ಮನೆ ಬಾಯಿ ತೆರೆದೆ. ಕಂಬದೊಳಗಿನವನೂ ತೆರೆದ. ಇಬ್ಬರೂ ಮುಚ್ಚಿಕೊಂಡು ಬಂದೆವು.

ಚೆಲುವಾಂಬನವರಿಗೆ ನಮಸ್ಕಾರ.

ಜೀವಂಧರ


ಅರಸೀಕೆರೆ
2 ಅಕ್ಟೋಬರ್ 2024

ಪ್ರಿಯ ಜೀವಂಧರ,

ಅದೇ ಗುರುವಾರ, ಇಪ್ಪತ್ತೆರಡು. ಮಧ್ಯಾಹ್ನ ಹನ್ನೆರಡರ ಸುಮಾರು. ನೀನಲ್ಲವೆಂದರೆ ಬಿಡು, ಬಿಸಿಲಿಗೆ ನನ್ನ ತಲೆ ತಿರುಗಿರಬೇಕು. ಉಳಿದವರಿಗೂ ಕೇಳಿಸಿತಲ್ಲ ಎಂದರೆ, ಅವರ ತಲೆಯ ಮೇಲೂ ಅದೇ ಬಿಸಿಲಿತ್ತು.

ನಮ್ಮ ಹೋರಾಟದ ವಿಷಯ ಕೇಳು. ಬೆಂಗಳೂರಿನ ಮೊದಲ ಪಂದ್ಯಕ್ಕೆ ಕುರ್ಚಿ ತುಂಬಿಸಲು ಕಂಪನಿ ನಮಗೇ ಬಸ್ಸು ಕಳಿಸಿತು. ಹತ್ತಿದೆವು. ಎಲ್ಲರೂ ಹಳೆಯ ಹಸಿರು ಜೆರ್ಸಿ ಹಾಕಿಕೊಂಡು, ಟಿವಿ ಕ್ಯಾಮೆರಾ ನೇರ ನೋಡುವ ಜಾಗದಲ್ಲಿ ಕೂತು, ಆಟ ಮುಗಿಯುವವರೆಗೆ ಕಮಕ್ ಕಿಮಕ್ ಅನ್ನಲಿಲ್ಲ. ನಮ್ಮೂರ ಹುಡುಗನೇ ಗೋಲು ಹೊಡೆದ. ಮಹಾಂತೇಶ್ ಕೂಗು ಬಾರದಿರಲೆಂದು ಟವೆಲನ್ನು ಬಾಯಿಗೆ ತುರುಕಿಕೊಂಡ, ಕಣ್ಣಲ್ಲಿ ನೀರು ಬಂದಿತ್ತು. ಪಕ್ಕದ ಕುರ್ಚಿಯ ಹೆಂಗಸು "ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿದಳು. "ಹೂಂ ಕಣಮ್ಮಾ, ಬಾಳಾ ಜನ" ಅಂದ. ಮರುದಿನ ರಘುರಾಮ್ ನನಗೆ ಫೋನ್ ಮಾಡಿ, ಕೂಗಿ ಜಗಳ ಮಾಡಿದ್ದರೇ ವಾಸಿಯಿತ್ತು ಸರ್ ಅಂದ. ತಾಗಿದೆ ಎಂದು ಅರ್ಥ.

ಪ್ರತಿ ಭಾನುವಾರ ಗೇಟಿನ ಹೊರಗೆ ಹಾಜರಿ ನಡೆಸುತ್ತಿದ್ದೇವೆ. ಎಲ್ಲ ಹೆಸರಿಗೂ ಉತ್ತರ ಬರುತ್ತಿದೆ, ಒಂದಕ್ಕೆ ಬಿಟ್ಟು. ಮೂರು ಸಲ ಕೂಗಿ ಮುಂದಿನ ಹೆಸರಿಗೆ ಹೋಗುತ್ತೇನೆ. ಮನೆಗೆ ಬಂದರೆ ಚೆಲುವಾಂಬ ಏನೂ ಕೇಳುವುದಿಲ್ಲ, ಹಿತ್ತಲಿನಿಂದ ಅವಳಿಗೆ ಎಲ್ಲ ಕೇಳಿಸಿರುತ್ತದೆ.

ನಿನ್ನ ವ್ರತವನ್ನು ಮುರಿ ಎನ್ನಲಾರೆ. ದೀಪಾವಳಿ ಕಳೆದ ಮೊದಲ ಭಾನುವಾರ ನೀನು ಬರಬೇಕು. ಬಸ್ಸಿನಲ್ಲಿ ಕೂರಲಾಗದಿದ್ದರೆ ಫೋನಿನಲ್ಲಾದರೂ ಹೇಳು, ಮಹಾಂತೇಶ್ ಸ್ಪೀಕರ್ ಹಾಕಿ ಹಿಡಿಯುತ್ತಾನೆ. ಒಂದು ಮಾತು. ಅಷ್ಟೇ ನಾನು ಕೇಳುತ್ತಿರುವುದು.

ಸುಬ್ಬರಾಮಯ್ಯ


ಬಸ್ತಿಹಳ್ಳಿ
6 ನವೆಂಬರ್ 2024

ಪ್ರಿಯ ಸುಬ್ಬು,

ಮಧ್ಯಾಹ್ನ ಹನ್ನೆರಡು. ಸರಿ.

ದೀಪಾವಳಿ ಮುಗಿಯಿತು. ಮೌನವನ್ನು ಇನ್ನಷ್ಟು ದಿನ ಮುಂದುವರಿಸಿದ್ದೇನೆ. ಕಾರಣ ಕೇಳಬೇಡ, ಹೇಳುವಂತಿದ್ದರೆ ನಿನಗಲ್ಲದೆ ಯಾರಿಗೆ ಹೇಳುತ್ತಿದ್ದೆ. ಫೋನಿನಲ್ಲೂ ಆಗದು. ಭಾನುವಾರ ನೀನು ಹಾಜರಿ ಕೂಗುವ ಹೊತ್ತಿಗೆ ನಾನಿಲ್ಲಿ ಅಂಗಳದಲ್ಲಿ ಎದ್ದು ನಿಲ್ಲುತ್ತೇನೆ ಎಂಬುದನ್ನು ಮಾತ್ರ ನಂಬು.

ಟವೆಲಿನ ಕಥೆ ಓದಿ ತ್ರಿಶಲಾ ಬಹಳ ನಕ್ಕಳು.

ಜೀವಂಧರ


ಅರಸೀಕೆರೆ
25 ನವೆಂಬರ್ 2024

ಶ್ರೀ ಜೀವಂಧರಯ್ಯನವರಿಗೆ,

ನಿನ್ನೆಯ ಪತ್ರಿಕೆಯನ್ನು ನೋಡಿದೆ. ಹಳೇಬೀಡಿನಲ್ಲಿ ಕಂಪನಿಯವರ ಹೊಸ ಜೆರ್ಸಿಯ ಬಿಡುಗಡೆ. ಹಿಂದೆ ಬಸದಿ, ಮುಂದೆ ರಘುರಾಮ್, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿರುವ ತಾವು. ಕೆಳಗೆ ಬರೆದಿದ್ದಾರೆ: 'ಹೊಸ ತಂಡಕ್ಕೆ ಹಿರಿಯ ಆಟಗಾರನ ಆಶೀರ್ವಾದ.' ಕುತ್ತಿಗೆಗೆ ಬಿಳಿಯ ಶಾಲು ಬೇರೆ ಹೊದಿಸಿದ್ದಾರೆ.

ಆಗಸ್ಟಿನಲ್ಲಿ ಬೀಗ ಹಾಕಿದ ಗೇಟಿನೊಳಗೆ ತಾವು ಹೇಗೆ ಹೋದಿರೆಂಬುದು ಈಗ ತಿಳಿಯಿತು. ಬೀಗದ ಕೈ ಇರುವವರ ಜೊತೆ ಹೋದಿರಿ. ಆಮೇಲೆ ನಾಚಿಕೆಯಾಗಿ ಮೌನ ಹಿಡಿದಿರಿ. ವ್ರತಕ್ಕೆ ಇಂಥ ಉಪಯೋಗವೂ ಇದೆಯೆಂದು ನಾನು ತಿಳಿದಿರಲಿಲ್ಲ.

ತಂಡ ಹೋಯಿತು, ಮೈದಾನ ಹೋಗುತ್ತಿದೆ. ಅವರು ಹೊರಗಿನವರು, ಅವರಿಗೆ ಗೊತ್ತಿಲ್ಲ. ತಮಗೆ ಗೊತ್ತಿತ್ತು. ಇನ್ನು ತಮ್ಮಲ್ಲಿ ಒಂದೇ ವಿನಂತಿ. ಋತು ಮುಗಿಯುವುದರೊಳಗೆ ಒಂದು ಭಾನುವಾರ ಗೇಟಿನ ಮುಂದೆ ಬಂದು ನನ್ನ ಮಗನ ಹೆಸರನ್ನು ಮಹಾಂತೇಶನಿಗೆ ಒಪ್ಪಿಸಿ ಹೋಗಿ. ನಮ್ಮ ಮನೆಗೆ ಬರಬೇಕಾಗಿಲ್ಲ.

ಇತಿ,
ಸುಬ್ಬರಾಮಯ್ಯ


ಬಸ್ತಿಹಳ್ಳಿ
4 ಡಿಸೆಂಬರ್ 2024

ಮೇಷ್ಟ್ರಿಗೆ ತ್ರಿಶಲಾ ಮಾಡುವ ನಮಸ್ಕಾರಗಳು.

ನಾನು ಬರೆಯುತ್ತಿರುವುದು ಇವರಿಗೆ ಗೊತ್ತಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಇವರು ಎರಡು ದಿನ ಅನ್ನ ಬಿಟ್ಟರು. ಅದಕ್ಕೇ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಇವರಿಗೆ ಗಂಟಲಲ್ಲಿ ಗಡ್ಡೆಯಾಗಿತ್ತು. ಮೈಸೂರಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಕತ್ತಿನಲ್ಲಿ ಒಂದು ತೂತಿದೆ, ಉಸಿರಾಡುವುದು ಅದರಲ್ಲೇ. ಬಿಳಿಯ ಬಟ್ಟೆ ಸುತ್ತಿಕೊಂಡಿರುತ್ತಾರೆ. ನೀವು ಶಾಲು ಎಂದು ಬರೆದದ್ದು ಅದನ್ನೇ. ಇನ್ನು ಮಾತು ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. "ಸುಬ್ಬುಗೆ ಹೇಳ್ಬೇಡ ಕಣೇ, ಮಗ ಎರಡನೇ ಸಲ ಹೋದ ಹಾಗಾಗುತ್ತೆ ಅವನಿಗೆ" ಅಂದರು. ನನ್ನ ಜೊತೆ ಇವರು ಬಾಯಲ್ಲಿ ಆಡಿದ ಕೊನೆಯ ಮಾತು ಅದು. ಆಮೇಲೆ ಒಳಗೆ ಕರೆದುಕೊಂಡು ಹೋದರು.

ಅಂದು ಕಂಪನಿಯವರು ಬಸದಿಯ ಮುಂದೆ ಬಂದಾಗ ಇವರು ಜಗಳ ಮಾಡಲೆಂದೇ ಹೋದದ್ದು. ಎದುರು ನಿಂತರೆ ಮಾತಿಲ್ಲ. ಆ ಹುಡುಗನ ಕೈ ಹಿಡಿದುಕೊಂಡುಬಿಟ್ಟರು, ಬಿಡಲೇ ಇಲ್ಲ. ಅವನು ಹೆದರಿ ನಗುತ್ತಾ ನಿಂತ. ಯಾರೋ ಫೋಟೋ ತೆಗೆದರು.

ಇನ್ನೊಂದು ವಿಷಯ. ಆಪರೇಷನ್ ಆದದ್ದು ಆಗಸ್ಟ್ ಇಪ್ಪತ್ತೆರಡು, ಗುರುವಾರ. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋದವರು ಹೊರಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ನಿಮ್ಮ ಮೊದಲ ಕಾಗದವನ್ನು ಇವರು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾರೆ. ನನಗೆ ಭಯವಾಗುತ್ತದೆ.

ಚೆಲುವಾಂಬಕ್ಕನಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ತ್ರಿಶಲಾ


ಅರಸೀಕೆರೆ
10 ಡಿಸೆಂಬರ್ 2024

ಜೀವಂಧರ,

ತ್ರಿಶಲಮ್ಮ ಬರೆದರು. ಅವರನ್ನು ಬೈಯಬೇಡ.

ಹಿಂದಿನ ಕಾಗದವನ್ನು ಸುಟ್ಟುಬಿಡು. ಶಾಲು ಎಂದು ಬರೆದವನು ನಾನು, ಅದನ್ನು ಓದಿದವನು ನೀನು. ಆ ವಾಕ್ಯ ಬರೆದ ಕೈಯಲ್ಲಿ ಇವತ್ತು ಊಟ ಮಾಡಲಾಗಲಿಲ್ಲ.

ಚೆಲುವಾಂಬನಿಗೆ ಹೇಳಿದೆ. ತಾರೀಕನ್ನೂ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ.

ರಥಸಪ್ತಮಿಗೆ ಮುಂಚಿನ ಭಾನುವಾರ, ಫೆಬ್ರವರಿ ಎರಡು, ಕೊನೆಯ ಹಾಜರಿ. ನೀನು ಬಂದು ಮಹಾಂತೇಶನ ಹೆಗಲ ಮೇಲೆ ಕೈಯಿಟ್ಟರೆ ಸಾಕೆನ್ನುತ್ತಾರೆ ಎಲ್ಲರೂ. ಸಾಲದು, ಬಾಯಿಬಿಟ್ಟು ಒಪ್ಪಿಸಬೇಕೆಂಬುದು ನಿಯಮ. ನಮ್ಮ ಅನುಕೂಲಕ್ಕೆ ನಾವು ಅದನ್ನು ಬಗ್ಗಿಸಿದರೆ ಕಂಪನಿಯವರ ಮುಂದೆ ಯಾವ ಮುಖವಿಟ್ಟುಕೊಂಡು ನಿಲ್ಲಲಿ? ನನ್ನ ಮಗನ ಹೆಸರು ಬೀಳುವುದಾದರೆ ಸರಿಯಾಗಿ ಬೀಳಲಿ. ಬೀಳುವಾಗ ನೀನು ಪಕ್ಕದಲ್ಲಿರು.

ಸುಬ್ಬು


ಬಸ್ತಿಹಳ್ಳಿ
28 ಡಿಸೆಂಬರ್ 2024

ಪ್ರಿಯ ಸುಬ್ಬು,

ಬರುತ್ತೇನೆ.

ರಘುರಾಮನ ಕೈ ತಣ್ಣಗಿತ್ತು. ಹಿಡಿದುಕೊಂಡಾಗ ಮನಸ್ಸಿನಲ್ಲಿ ಎಲ್ಲ ಹೆಸರುಗಳನ್ನೂ ಅವನಿಗೆ ಹೇಳಿದೆ, ಗಂಗಯ್ಯನಿಂದ ಹಿಡಿದು. ವಂಶಿಯವರೆಗೆ ಬರುವುದರೊಳಗೆ ಅವನು ಕೈ ಬಿಡಿಸಿಕೊಂಡ.

ಕಂಬದ ಮುಂದೆ ದಿನವೂ ಬಾಯಿ ತೆರೆದು ನೋಡುತ್ತಿದ್ದೇನೆ. ಗಾಳಿ ಕತ್ತಿನಿಂದಲೇ ಹೋಗಿಬಿಡುತ್ತದೆ, ತುಟಿಯವರೆಗೆ ಬರುವುದಿಲ್ಲ. ಆದರೂ ತುಟಿಯಲ್ಲಿ ಆ ಮಾತಿನ ಆಕಾರ ಉಳಿದಿದೆ.

ಅಂದು ಒಳಗೆ ಕರೆದುಕೊಂಡು ಹೋದಾಗ, ಎಚ್ಚರ ತಪ್ಪುವ ಮೊದಲು ನಾನು ಯೋಚಿಸಿದ್ದು ಒಂದೇ. ಇನ್ನು ಹುಡುಗನಿಗೆ ಯಾರಿದ್ದಾರೆ ಎಂದು.

ಜೀವಂಧರ


ಅರಸೀಕೆರೆ
3 ಫೆಬ್ರವರಿ 2025

ಪ್ರೀತಿಯ ಜೀವಂಧರ,

ನಿನ್ನನ್ನು ಹಳೇಬೀಡಿನ ಬಸ್ಸು ಹತ್ತಿಸಿ ಇನ್ನೂ ಒಂದು ದಿನವಾಗಿಲ್ಲ. ನಿನ್ನೆ ಆ ಗದ್ದಲದಲ್ಲಿ ನಿನ್ನನ್ನು ತಬ್ಬಿಕೊಳ್ಳುವುದಷ್ಟೇ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಇನ್ನೂರಕ್ಕೆ ಮೇಲ್ಪಟ್ಟು ಜನ ಸೇರಿದ್ದರು. ರಘುರಾಮ್ ಕಾರಿನಲ್ಲಿ ಕೂತು ನೋಡುತ್ತಿದ್ದ. ಎಂದಿನಂತೆ ಬ್ಯಾನರ್ ಹಿಡಿದು ರಸ್ತೆಗೆ ಮುಖ ಮಾಡಿ ನಿಂತೆವು. ನೀನು ನನ್ನ ಹಿಂದೆ, ಗೇಟಿಗೆ ಒರಗಿಕೊಂಡಂತೆ ನಿಂತಿದ್ದೆ. ವಂಶಿಯ ಹೆಸರನ್ನು ಒಮ್ಮೆ ಕೂಗಿದೆ. ಮತ್ತೊಮ್ಮೆ ಕೂಗಿದೆ. ಮೂರನೆಯದನ್ನು ಕೂಗದೆ ಹಾಗೇ ನಿಂತುಬಿಡೋಣ ಅನ್ನಿಸಿತು. ಕೂಗದಿದ್ದರೆ ಬೀಳುವುದೂ ಇಲ್ಲವಲ್ಲ. ಮಹಾಂತೇಶ್ ಮೆಲ್ಲಗೆ "ಕೂಗಿ ಮೇಷ್ಟ್ರೇ, ನಾವಿದೀವಿ" ಅಂದ. ಕೂಗಿದೆ.

"ಇದ್ದೀನಿ."

ಸ್ಪಷ್ಟವಾಗಿ, ಗಟ್ಟಿಯಾಗಿ. ತಿರುಗಿ ನೋಡಿದರೆ ನೀನು ಬಾಯಿ ತೆರೆದು, ಒಂದು ಕೈಯನ್ನು ಕತ್ತಿನ ಮೇಲಿಟ್ಟುಕೊಂಡು ನಿಂತಿದ್ದೆ. ಜನ ಹುಚ್ಚೆದ್ದು ಹೋದರು. ಮಹಾಂತೇಶ್ ನಿನ್ನನ್ನು ಎತ್ತಿಕೊಂಡೇ ಬಿಟ್ಟ. "ಡಾಕ್ಟ್ರು ಏನೇನೋ ಹೇಳ್ತಾರೆ ಬಿಡ್ರಿ, ನಮ್ ಜೀವಂಧರಣ್ಣಂದು ಗಂಟ್ಲಲ್ಲ, ಗಂಟೆ!" ಎಂದು ಅವನು ಕೂಗಿದ್ದು ಕೇಳಿಸಿತೋ ಇಲ್ಲವೋ. ಕಾರಿನಿಂದ ಇಳಿದಿದ್ದ ರಘುರಾಮ್ ಮತ್ತೆ ಹತ್ತಿ ಕೂತು ಗಾಜು ಏರಿಸಿಕೊಂಡ. ನಾನು ಕಂಡಾಗ ಅವನು ನಮ್ಮನ್ನಲ್ಲ, ಮೈದಾನವನ್ನು ನೋಡುತ್ತಿದ್ದ.

ಧ್ವನಿ ಸ್ವಲ್ಪ ಎಳೆಯದಾಗಿ ಕೇಳಿಸಿತು. ಇಷ್ಟು ದಿನ ಮಾತಾಡದ ಗಂಟಲಲ್ಲವೇ, ಹಾಗೇ ಇರಬೇಕು. ಒಳ್ಳೆಯ ಡಾಕ್ಟರಿಗೆ ತೋರಿಸು.

ಬರುವ ತಿಂಗಳು ಗೋಡೆ ಕೆಡವುತ್ತಾರೆಂದು ಸುದ್ದಿ. ನ್ಯಾಯಾಲಯಕ್ಕೆ ಹೋಗುವುದೆಂದು ತೀರ್ಮಾನಿಸಿದ್ದೇವೆ. ಗೆಲ್ಲುತ್ತೇವೆಂಬ ಭ್ರಮೆ ನನಗಿಲ್ಲ. ಹೆಸರೊಂದು ಉಳಿಯಿತು.

ಚೆಲುವಾಂಬನಿಗೂ ಕೇಳಿಸಿದೆ. ಹಿತ್ತಲ ಬಾಗಿಲನ್ನು ನಿನ್ನೆಯಿಂದ ಹಾಕಿಯೇ ಇಲ್ಲ. ಚಳಿ ಎಂದರೂ ಕೇಳುವುದಿಲ್ಲ.

ನಿನ್ನ,
ಸುಬ್ಬು


ಬಸ್ತಿಹಳ್ಳಿ
9 ಫೆಬ್ರವರಿ 2025

ಪ್ರಿಯ ಸುಬ್ಬು,

ಅಲ್ಲೇ ಹೇಳಬೇಕಿತ್ತು. ಚೀಟಿ ಬರೆಯಲು ಜೇಬಿನಿಂದ ಪೆನ್ನು ತೆಗೆದೆ. ನೀನು ತಬ್ಬಿಕೊಂಡುಬಿಟ್ಟೆ. ನಿನ್ನ ಮುಖ ನೋಡಿ ಪೆನ್ನನ್ನು ಮತ್ತೆ ಜೇಬಿಗೆ ಹಾಕಿಕೊಂಡೆ. ವಾರವಿಡೀ ಯೋಚಿಸಿದೆ. ನಿನಗೆ ಇನ್ನೊಂದು ಸುಳ್ಳು ಬೇಡ.

ನಾನು ಬಾಯಿ ತೆರೆದದ್ದು ನಿಜ. ಆಗ ನನ್ನ ಬೆರಳು ಕತ್ತಿನ ಬಟ್ಟೆಯ ಮೇಲಿತ್ತು. ಬಟ್ಟೆ ಅಲುಗಲಿಲ್ಲ. ಆ ಗಳಿಗೆಯಲ್ಲಿ ನಾನು ಉಸಿರೇ ಆಡಿರಲಿಲ್ಲ. ಮಾತು ಬಂದದ್ದು ನನ್ನ ಬೆನ್ನ ಹಿಂದಿನಿಂದ. ನಾನು ಒರಗಿದ್ದ ಗೇಟಿನ ಕಬ್ಬಿಣ ಬೆನ್ನಿಗೆ ಸಣ್ಣಗೆ ನಡುಗಿತು, ರೈಲು ಬರುವ ಮೊದಲು ಹಳಿ ನಡುಗುತ್ತದಲ್ಲ, ಹಾಗೆ. ರೈಲು ಯಾವುದೂ ಬರಲಿಲ್ಲ.

ಆಗಸ್ಟಿನಲ್ಲಿ ನೀನು ಅದನ್ನು ನನ್ನ ಧ್ವನಿ ಎಂದು ಬರೆದೆ. ನಾನು ಆ ಕಾಗದವನ್ನು ಅಷ್ಟು ಸಲ ಓದಿದ್ದು ಅದಕ್ಕೇ. ತಾರೀಕನ್ನು ನೋಡಿ, ನನ್ನಿಂದ ತೆಗೆದ ಧ್ವನಿ ಎದ್ದು ಅರಸೀಕೆರೆಗೆ ಹೋಯಿತೇ ಎಂದು ಹೆದರಿದ್ದೆ. ಈಗ ಆ ಹೆದರಿಕೆ ಇಲ್ಲ. ನನ್ನ ಧ್ವನಿ ನನಗೆ ಗೊತ್ತು, ಅದು ಅಷ್ಟು ಚೆನ್ನಾಗಿ ಎಂದೂ ಇರಲಿಲ್ಲ. ನನ್ನದೆಂದು ಬರೆದೆಯಲ್ಲ, ಯಾಕೆಂದು ಅರ್ಥವಾಗಿದೆ. ಬೇರೆ ಹೆಸರನ್ನು ಬರೆಯಲು ಪೆನ್ನು ಏಳಲಿಲ್ಲ. ಚೆಲುವಾಂಬನವರಿಗೆ ಮೊದಲ ದಿನವೇ ಗೊತ್ತಾಗಿತ್ತು. ನನ್ನ ತಾರೀಕು ಕೇಳಿ ಅವರೇಕೆ ಆಶ್ಚರ್ಯಪಡಲಿಲ್ಲ ಎಂದು ಯೋಚಿಸು. ಬಾಗಿಲು ತೆರೆದಿದ್ದರೆ ತೆರೆದೇ ಇರಲಿ.

ನಾನು ಊಟಕ್ಕೆ ಹೋದಾಗೆಲ್ಲ ಗೋಲಿನಲ್ಲಿ ನಿಲ್ಲುತ್ತಿದ್ದವನು ಅವನೇ ಅಲ್ಲವೇ.

ನ್ಯಾಯಾಲಯಕ್ಕೆ ಹೋಗಿ, ಎಲ್ಲಿ ಸಹಿ ಬೇಕೋ ಕಳಿಸು. ಗೋಡೆ ಕೆಡವಲು ಬಂದ ದಿನ ತಿಳಿಸು, ಮೊದಲ ಬಸ್ಸಿಗೆ ಬರುತ್ತೇನೆ. ಒಂದು ಮಾತು ಮಾತ್ರ ನಡೆಸಿಕೊಡು. ಇನ್ನು ಗೇಟಿಗೆ ಬೆನ್ನು ಹಾಕಿ ನಿಲ್ಲಬೇಡಿ. ಬ್ಯಾನರನ್ನು ಯಾರಾದರೂ ಹಿಡಿಯಲಿ. ನೀನು ಒಳಕ್ಕೆ ತಿರುಗಿ ನಿಂತು ಕೂಗು.

ನೀನು ತಂದೆ, ಉತ್ತರ ಕೊಡುವಂತಿಲ್ಲ. ಕೇಳಿಸಿಕೊಳ್ಳಬಾರದೆಂದು ಯಾವ ಮೇಸ್ತ್ರಿಯೂ ನಿಯಮ ಮಾಡಿಲ್ಲ.

ಜೀವಂಧರ